ಕೆಂಪು ದೋಣಿಯ ತೂತು

ಬ್ರಿಟಿಷರ ಕಾಲದ ಒಂದು ಕಾಲೇಜು. ಅಂದು ಕೆರೆಯಲ್ಲಿ ದೋಣಿ ಪಂದ್ಯ. ಕೆಂಪು ದೋಣಿ, ನೀಲಿ ದೋಣಿ ಎರಡಕ್ಕೂ ನೀರು ಒಳಗೆ ಬಾರದಂತೆ ರಾಳ ಬಳಿದು ಕಾಯುತ್ತಿದ್ದವಳು ಒಬ್ಬ ಅಂಬಿಗರ ಹೆಂಗಸು.

ಕಾಲೇಜು ಸಮಿತಿಯ ರಾವ್ ಬಹದ್ದೂರರು ಬಂದು ಪಿಸುಗುಟ್ಟಿದರು. "ನನ್ನ ಮಗ ನೀಲಿ ದೋಣಿಯಲ್ಲಿ ಹೋಗ್ತಾನೆ. ಕೆಂಪು ದೋಣಿಯ ತಳಕ್ಕೆ ತೂತು ಮಾಡು. ಇಲ್ಲದಿದ್ರೆ ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇಲ್ಲ."

ಹದಿನೆಂಟು ವರ್ಷದಿಂದ ಅವಳಿಗೆ ಅದೇ ಅನ್ನ. "ಆಗಲಿ ಬುದ್ಧಿ" ಎಂದಳು.

ಹುಡುಗರು ಹುಟ್ಟು ಹಿಡಿದು ಕೂತರು. ಪಂದ್ಯ ಶುರು ಮಾಡಲು ಪ್ರಿನ್ಸಿಪಾಲರು ಪಿಸ್ತೂಲು ಎತ್ತಿದರು. ಅವಳು ಅಡ್ಡ ಬಂದಳು.

"ತಡೀರಿ ಸ್ವಾಮಿ. ನಮ್ಮ ಅಂಬಿಗರ ಪಂದ್ಯದಲ್ಲಿ ಹೊರಡೋ ಮುಂಚೆ ದೋಣಿ ಅದಲುಬದಲು ಮಾಡ್ತೀವಿ. ಆಮೇಲೆ ದೋಣಿ ಸರಿಯಿಲ್ಲ ಅಂತ ಯಾರೂ ತಕರಾರು ತೆಗೆಯೋ ಹಾಗಿಲ್ಲ."

"ಒಳ್ಳೆಯ ಪದ್ಧತಿ. ಬದಲಾಯಿಸಿ!" ಎಂದರು ಪ್ರಿನ್ಸಿಪಾಲರು.

ಮಗ ಕೆಂಪು ದೋಣಿಗೆ ಕಾಲಿಟ್ಟ. ಅವನಿಗೆ ಈಜು ಬರುತ್ತಿರಲಿಲ್ಲ. ರಾವ್ ಬಹದ್ದೂರರು ಬೂಟಿನ ಸಮೇತ ನೀರಿಗೆ ಧುಮುಕಿದರು. "ಇಳಿಯೋ! ಅದಕ್ಕೆ ತೂತು ಇದೆ!"



"ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು ಪ್ರಿನ್ಸಿಪಾಲರು.

ರಾವ್ ಬಹದ್ದೂರರು ಸೊಂಟದುದ್ದ ನೀರಿನಲ್ಲಿ ನಿಂತು ದೋಣಿಯ ತಳವನ್ನು ತಡವುತ್ತಲೇ ಇದ್ದರು.

"ಹುಡುಕಲಿ ಬಿಡಿ ಸ್ವಾಮಿ" ಎಂದಳು ಅವಳು. "ನಾನು ರಾಳ ಬಳಿದ ದೋಣಿಯಲ್ಲಿ ತೂತು ಸಿಕ್ಕಿದರೆ, ನಾಳೆಯಿಂದ ನಾನೇ ಕೆಲಸಕ್ಕೆ ಬರೋದಿಲ್ಲ."