ಕಡಲಸೌತೆಯ ಹಿಂಬಾಗಿಲು

ಕಡಲ ತಳದಲ್ಲಿ ಮರಳು ತಿಂದು ಬದುಕುವ ಕಡಲಸೌತೆ ಎಂಬ ಪ್ರಾಣಿಯ ಹೊಟ್ಟೆಯಲ್ಲಿ ಒಂದು ಸಣ್ಣ ಮೀನು ಬಿಡಾರ ಹೂಡಿತ್ತು. ಹಸಿವಾದಾಗ ಅದು ಮನೆಯನ್ನೇ ಮೆಲ್ಲುತ್ತಿತ್ತು. ಕಡಲಸೌತೆ ಉಸಿರಾಡುವುದು ಹಿಂಬಾಗಿಲಿನಿಂದ. ಮೀನಿನ ಓಡಾಟವೂ ಅಲ್ಲಿಂದಲೇ.

ಒಂದು ದಿನ ಮೀನು ಹೊರಗೆ ಹೋದಾಗ ಸೌತೆ ಬಾಗಿಲನ್ನು ಬಿಗಿಹಿಡಿಯಿತು. "ಬೇರೆ ಕಡೆ ನೋಡಿಕೊಳ್ಳಪ್ಪಾ, ನನಗೆ ಸಾಕಾಗಿದೆ."

"ಆಗಲಿ ಯಜಮಾನರೇ, ಇಲ್ಲೇ ಕಾದಿರುತ್ತೇನೆ. ತಾವು ಉಸಿರಾಡಲೇಬೇಕಲ್ಲ," ಎಂದಿತು ಮೀನು.

ಸೌತೆ ಉಸಿರಾಡಿತು. ಮೀನು ಒಳಗೆ ಬಂತು.

ಮರುದಿನ ಒಂದು ಏಡಿ ಬಂದು ಸೌತೆಯ ಮೈಯನ್ನು ಬಲವಾಗಿ ಚಿವುಟಿತು. ಪ್ರಾಣಕ್ಕೆ ಕುತ್ತು ಬಂದಾಗ ಸ್ವಂತ ಕರುಳನ್ನೇ ಹೊರಗೆಸೆದು ಪಾರಾಗುವುದು ಸೌತೆಗಳ ಪದ್ಧತಿ; ಕರುಳು ನಿಧಾನವಾಗಿ ಮತ್ತೆ ಬೆಳೆಯುತ್ತದೆ. ಇದೂ ಹಾಗೆಯೇ ಮಾಡಿತು. ಏಡಿ ಕರುಳು ತಿಂದು ಹೊರಟುಹೋಯಿತು.

ಬರಿದಾದ ಸೌತೆ ಮರಳಿನ ಮೇಲೆ ಸುಸ್ತಾಗಿ ಬಿದ್ದಿತ್ತು. ಮೀನು ಮಾತ್ರ ಒಳಗೇ ಇತ್ತು.

"ಯಜಮಾನರೇ, ಈಗ ಜಾಗ ವಿಶಾಲವಾಗಿದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಾಳೆ, ಕರೆಯಲೇ?"

"ಕೂಡದು" ಎನ್ನಲು ಸೌತೆ ಉಸಿರೆಳೆದುಕೊಂಡಿತು. ಅಷ್ಟರಲ್ಲಿ ಅವಳು ಒಳಗೆ ಬಂದಾಗಿತ್ತು.