ಬಗ್ಗಿಸುವ ಬಾಗಿಲು

ಪಂಚಾಯಿತಿ ಚುನಾವಣೆ ಗೆದ್ದ ಚಿಕ್ಕೀರಪ್ಪನವರು ಮಾರನೇ ದಿನವೇ ಗಾರೆ ಕೆಲಸದ ದ್ಯಾವಮ್ಮನನ್ನು ಕರೆಸಿದರು.

"ನಮ್ಮನೆ ಬಾಗಿಲ ಬುಡದ ಕಾಂಕ್ರೀಟ್ ಹಾಸಿನ ಮೇಲೆ ಇಟ್ಟಿಗೆ ಕಟ್ಟು. ಬಾಗಿಲು ಗಿಡ್ಡವಾಗಲಿ. ಒಳಗೆ ಬರುವವರೆಲ್ಲ ನನಗೆ ತಲೆ ಬಗ್ಗಿಸಬೇಕು."

ಓಟು ಕೊಟ್ಟವರನ್ನೇ ಬಗ್ಗಿಸುವುದು ದ್ಯಾವಮ್ಮನಿಗೆ ಸರಿಬರಲಿಲ್ಲ. ಗಾರೆ ಹಾಕದೆ ಬರೀ ಇಟ್ಟಿಗೆ ಜೋಡಿಸಿದಳು. ಆಮೇಲೆ ಒಳಗೆ ನಿಂತು, "ಎತ್ತರ ಸರಿಯಾ, ಒಂದ್ಸಲ ಬಂದು ನೋಡಿ ಸ್ವಾಮಿ" ಅಂದಳು.

ಚಿಕ್ಕೀರಪ್ಪನವರು ನಡು ಬಗ್ಗಿಸಿ ಒಳಗೆ ಬಂದರು. ದ್ಯಾವಮ್ಮ ಕೈಯೆತ್ತಿ, "ನೂರ್ಕಾಲ ಬಾಳಪ್ಪ" ಎಂದು ಹರಸಿದಳು.

ನೋಡುತ್ತ ನಿಂತಿದ್ದ ಬೀದಿಯವರು ನಕ್ಕರು. ಚಿಕ್ಕೀರಪ್ಪನವರೂ ಪೆಚ್ಚಾಗಿ ನಕ್ಕರು. "ದಿನಾ ಬಗ್ಗೋನು ನಾನೇ ಆದೆನಲ್ಲ. ಈಗೇನು ಮಾಡೋಣ?"

"ಗಾರೆ ಹಾಕಿಲ್ಲ, ಇದೇ ಇಟ್ಟಿಗೆ ತೆಗೆದು ಪಕ್ಕಕ್ಕೊಂದು ಕಟ್ಟೆ ಕಟ್ತೀನಿ. ಬಂದವರು ಕೂತ್ಕೊಳ್ಳಲಿ."

ಕಟ್ಟೆ ಒಣಗಿದ ದಿನ ಚಿಕ್ಕೀರಪ್ಪನವರು ಮೊದಲು ದ್ಯಾವಮ್ಮನನ್ನೇ ಅಲ್ಲಿ ಕೂರಿಸಿ, ತಾವೇ ಬಗ್ಗಿ ಟೀ ಕೊಟ್ಟರು.