ಕೆಂಚಿಗೆ ಹಾಕಿಸಿದ ಸೂಜಿ

ಕೇಳಿ, ನಗು ಬಂದರೆ ತಡೆಯಬೇಡಿ. ಕಡಲೆಪುರಿ ಹುರಿದು ಮಾರುವ ದ್ಯಾವಮ್ಮನಿಗೆ ಒಬ್ಬನೇ ಮಗ, ಜವರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಮಾತ್ರ ಚಾಚೂ ತಪ್ಪದೆ ಮಾಡುತ್ತಿದ್ದ, ಅದೇ ಆ ತಾಯಿಯ ಗೋಳು. ಮನೆಯಲ್ಲಿ ಇನ್ನೊಂದು ಜೀವ ಕೆಂಚಿ, ಪುರಿ ಮೂಟೆ ಕಾಯುವ ಬೆಕ್ಕು.

ಆ ವಾರ ಪಕ್ಕದ ಕೇರಿಯಲ್ಲಿ ಎರಡು ಬೆಕ್ಕು ವಾಂತಿಭೇದಿಯಾಗಿ ಸತ್ತವು. ದ್ಯಾವಮ್ಮ ಹುರಿಯುವುದನ್ನು ಬಿಟ್ಟು ಮಗನನ್ನು ಕೂಗಿದಳು.

"ಲೋ ಜವರ, ಕೆಂಚಿಗೆ ರೋಗ ಬರೋಕೆ ಮುಂಚೆ ದನದ ಆಸ್ಪತ್ರೆಗೆ ಎತ್ಕೊಂಡೋಗಿ ಸೂಜಿ ಹಾಕಿಸ್ಕೊಂಡು ಬಾರೋ!"

ಜವರ ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ನಾಯಿ ಬೊಗಳಿತು, ಕೆಂಚಿ ಪರಾರಿ! ಅವನಿಗಿಂತ ಮೊದಲೇ ಮನೆ ಸೇರಿತ್ತು.

"ಅಯ್ಯೋ ಪೆದ್ದೇ! ತಪ್ಪಿಸ್ಕೊಳ್ಳೋರ ಮೇಲೆ ದೊಡ್ಡ ಪುರಿಬುಟ್ಟಿ ಕವುಚಬೇಕು, ಮೇಲೆ ಗುಂಡುಕಲ್ಲು ಇಡಬೇಕು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೆಯ ದಿನ ದನದ ಡಾಕ್ಟರೇ ಮನೆ ಮುಂದೆ ಬಂದರು. ದ್ಯಾವಮ್ಮ ಹಿತ್ತಲಿಂದ ಕೂಗಿದಳು, "ಹೊಂಟೋಯ್ತಾರೆ, ನಿಲ್ಲಿಸ್ಕೊಳ್ಳೋ!" ಹೊರಟುಹೋಗುವವರು ಅಂದರೆ ತಪ್ಪಿಸಿಕೊಳ್ಳುವವರೇ ತಾನೆ? ಜವರ ಬುಟ್ಟಿ ಕವುಚಿಯೇಬಿಟ್ಟ! ಡಾಕ್ಟರು ಒಳಗಿಂದ ಬೈದರು, ಹೊರಗೆ ಬಂದ ಮೇಲೂ ಬೈದರು, ಸೂಜಿ ಹಾಕದೆ ಬೈಕು ಹತ್ತಿದರು.

"ಅಯ್ಯೋ ಪೆದ್ದೇ! ಮನೆಗೆ ಬಂದೋರಿಗೆ ಕುರ್ಚಿ ಹಾಕ್ಬೇಕು, ಹಾಲು ಕೊಡ್ಬೇಕು, ಅವರಾಗಿ ಏಳೋಗಂಟ ಕೈಕಟ್ಕೊಂಡು ನಿಂತಿರ್ಬೇಕು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮೂರನೆಯ ದಿನ ದ್ಯಾವಮ್ಮ ಸಂತೆಗೆ ಹೊರಟಳು. "ಕೆಂಚಿ ಮನೆಗೆ ಬರ್ತಿದ್ದಂಗೇ ಆಸ್ಪತ್ರೆಗೆ ಕರ್ಕೊಂಡೋಗು!" ಕೆಂಚಿ ಬಂತು. ಜವರ ಕುರ್ಚಿ ಹಾಕಿದ, ಹಾಲು ಕೊಟ್ಟ, ಕೈಕಟ್ಟಿ ನಿಂತ. ಹಾಲು ಕುಡಿದ ಕೆಂಚಿ ಕುರ್ಚಿಯಲ್ಲೇ ಮಲಗಿತು. ಸಂಜೆ ತಾಯಿ ಬಂದಾಗಲೂ ಅವನು ನಿಂತೇ ಇದ್ದ.

"ಅಯ್ಯೋ ಪೆದ್ದೇ! ಕಂಬಳೀಲಿ ಸುತ್ತಿ, ಎದೆಗವಚಿಕೊಂಡು ಓಡಬೇಕಿತ್ತು! ಅದಕ್ಕೇನಾದ್ರೂ ಆದ್ರೆ ನಾನು ಹೆಂಗಿರ್ಲೋ?" ದ್ಯಾವಮ್ಮ ಅತ್ತೇಬಿಟ್ಟಳು. ಜವರನಿಗೂ ಸಂಕಟವಾಯಿತು.

ನಾಲ್ಕನೆಯ ದಿನ ಅವಳೇ ಕೆಂಚಿಯನ್ನು ಸೆರಗಲ್ಲಿ ಸುತ್ತಿಕೊಂಡು ಹೊರಟಳು. ಜವರ ಕಂಬಳಿ ಹೊತ್ತು ಹಿಂದೆ ಹೋದ. ಡಾಕ್ಟರು ಬುಟ್ಟಿಯ ಕೋಪ ಮರೆತು ಸೂಜಿ ಹಾಕಿದರು. ಕೆಂಚಿ ದ್ಯಾವಮ್ಮನ ಕೈ ಪರಚಿತು. ಎದುರಿನ ಜನರ ಆಸ್ಪತ್ರೆಯಲ್ಲಿ ಅವಳಿಗೂ ಒಂದು ಸೂಜಿಯಾಯಿತು!

ಅವಳು ಮರಳಿ ಬಂದು ಕೆಂಚಿಯನ್ನು ಮಡಿಲಿಗೆ ಹಾಕಿಕೊಂಡಾಗ ದನದ ಡಾಕ್ಟರು ಜವರನಿಗೆ ಹೇಳಿದರು, "ಸೂಜಿ ಹಾಕಿದ ಬೆಕ್ಕನ್ನ ಇವತ್ತು ಹೊರಗೆ ಬಿಡಬೇಡಪ್ಪ. ಹಾಲು ಅನ್ನ ಇಡು. ಇಪ್ಪತ್ತೊಂದು ದಿನ ಬಿಟ್ಟು ಇನ್ನೊಂದು ಸೂಜಿ."

ಬೆಕ್ಕಿಗೆ ಹಾಗಾದರೆ ಅವ್ವನಿಗೂ ಹಾಗೇ ಅಲ್ಲವೇ? ಜವರ ತಾಯಿಯನ್ನೂ ಮಡಿಲ ಬೆಕ್ಕನ್ನೂ ಕಂಬಳಿಯಲ್ಲಿ ಸುತ್ತಿದ, ಎದೆಗವಚಿಕೊಂಡು ಒಂದೇ ಓಟ!

ಸಂಜೆ ನೆರೆಮನೆಯ ಸಾಕಮ್ಮ ಪುರಿ ಕೊಳ್ಳಲು ಬಂದಳು. "ನಿಮ್ಮವ್ವ ಎಲ್ಲೋ?"

ಜವರ ದೊಡ್ಡ ಬುಟ್ಟಿ ತೋರಿಸಿದ. ಮೇಲೆ ಗುಂಡುಕಲ್ಲು, ಪಕ್ಕದಲ್ಲಿ ಹಾಲು ಅನ್ನದ ಬಟ್ಟಲು.

"ಎತ್ತೋ ಬುಟ್ಟೀನ, ಪೆದ್ದೇ!" ಒಳಗಿಂದ ದ್ಯಾವಮ್ಮ ಕಿರುಚಿದಳು. ಮಡಿಲಲ್ಲಿ ಕೆಂಚಿ ಬೆಚ್ಚಗೆ ಗುರುಗುಟ್ಟುತ್ತಿತ್ತು. ಇನ್ನು ಇದಕ್ಕೆ ರೋಗದ ಭಯವಿಲ್ಲ ಅನ್ನಿಸಿ ಅವಳಿಗೆ ಎಂಥದೋ ನೆಮ್ಮದಿಯಾಯಿತು, ಬೈಯುತ್ತ ಬೈಯುತ್ತಲೇ ನಕ್ಕುಬಿಟ್ಟಳು.

"ನಾಳೆ ಎತ್ತುತೀನಿ ಕಣವ್ವ," ಅಂದ ಜವರ. "ಆದ್ರೆ ಬುಟ್ಟಿ ಮಾರ್ಬೇಡ. ಇಪ್ಪತ್ತೊಂದು ದಿನಕ್ಕೆ ನಿಮ್ಮಿಬ್ಬರಿಗೂ ಇನ್ನೊಂದು ಸೂಜಿ ಐತೆ!"